ಓದುಗರ ಪ್ರಶ್ನೆ: ಬಾವಿ ಕೊರೆಯುವ ಮೊದಲೇ ಒತ್ತಡ ಗೊತ್ತಾಗುವುದು ಹೇಗೆ?

ಪ್ರಶ್ನೆ: ಧಾರವಾಡದಲ್ಲಿ ಎಂ.ಎಸ್ಸಿ. ಭೂವಿಜ್ಞಾನ ಓದುತ್ತಿದ್ದೇನೆ. ತೈಲಬಾವಿ ಕೊರೆಯುವ ಮುನ್ನ ನೆಲದಡಿಯ ಒತ್ತಡ ಅಂದಾಜು ಮಾಡುವುದೇ ನಿಮ್ಮ ಉದ್ಯೋಗವಾಗಿತ್ತಂತೆ. ಕಾಣದ್ದನ್ನು ಹೇಗೆ ಹೇಳುತ್ತೀರಿ? ‘ಅದನ್ನೆಲ್ಲ ಈಗ ಸಾಫ್ಟ್‌ವೇರ್ ಮಾಡುತ್ತೆ’ ಅಂತಾರೆ ನಮ್ಮ ಸೋದರಮಾವ. ಗಟ್ಟಿಕಲ್ಲು ಓದಿದವರಿಗೆ ಅಲ್ಲಿ ಜಾಗ ಇದೆಯೇ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಇದೆ. ನಾನೂ ಸಂಡೂರಿನ ಕಬ್ಬಿಣದ ಅದಿರು ನೋಡಿಕೊಂಡೇ ರಾಜಮಹೇಂದ್ರಿಗೆ ಹೋದವನು. ನಮ್ಮ ರಾಜ್ಯದಲ್ಲಿ ಮಂಗಳೂರಿನ ರಿಫೈನರಿ ಇದೆಯೇ ಹೊರತು ತೈಲಬಾವಿ ಇಲ್ಲ. ಗೋದಾವರಿ ಮುಖಜಭೂಮಿಗೆ ಹೋಗಲೇಬೇಕಾಯಿತು.

ಮೂರು ಸಾವಿರ ಮೀಟರ್ ಆಳದಲ್ಲಿ ಸಾಮಾನ್ಯವಾಗಿ ಇರುವುದು ಅಷ್ಟುದ್ದದ ಉಪ್ಪುನೀರಿನ ಭಾರ, ಚದರ ಇಂಚಿಗೆ ಸುಮಾರು 4,500 ಪೌಂಡ್. ತೊಂದರೆ ಕೊಡುವುದು ಅದಕ್ಕಿಂತ ಹೆಚ್ಚಿರುವ ಜಾಗ. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರುತ್ತೀರಲ್ಲ, ನೀರು ಇಳಿದಷ್ಟೂ ಮೊಸರು ಗಟ್ಟಿ. ಬಟ್ಟೆಯ ಬದಲು ಪ್ಲಾಸ್ಟಿಕ್ ಚೀಲವಿದ್ದರೆ ಕಲ್ಲಿನ ಭಾರವನ್ನು ನೀರೇ ಹೊರಬೇಕು. ನದಿ ಅವಸರವಾಗಿ ತಂದು ಸುರಿದ ಜೇಡಿಮಣ್ಣು ಶೇಲ್ ಎಂಬ ಕಲ್ಲಾಗುವಾಗ ಆಗುವುದು ಇದೇ.

ನೀರು ಸಿಕ್ಕಿಕೊಂಡ ಶೇಲ್‌ನಲ್ಲಿ ಶಬ್ದ ನಿಧಾನವಾಗಿ ಸಾಗುತ್ತದೆ. ಆಳಕ್ಕೆ ಹೋದಂತೆ ವೇಗ ಏರಬೇಕಾದದ್ದು ಒಂದು ಕಡೆ ಇಳಿದರೆ ನಮಗೆ ಅನುಮಾನ. ಕೊರೆಯುವ ಮೊದಲು ಸೈಸ್ಮಿಕ್ ಸರ್ವೆಯಿಂದ (ಮೇಲಿನಿಂದ ನೆಲದೊಳಕ್ಕೆ ಅಲೆ ಕಳಿಸಿ, ಮರಳಿ ಬಂದದ್ದನ್ನು ಅಳೆಯುವುದು), ಕೊರೆದ ಮೇಲೆ ಸೋನಿಕ್ ಲಾಗ್‌ನಿಂದ (ಬಾವಿಯೊಳಗೆ ಉಪಕರಣ ಇಳಿಸಿ ಶಬ್ದದ ವೇಗ ಅಳೆದ ದಾಖಲೆ) ಈ ವೇಗ ಸಿಗುತ್ತದೆ. ಅದನ್ನು ಒತ್ತಡಕ್ಕೆ ಪರಿವರ್ತಿಸಲು ಈಟನ್ ಎಂಬ ಅಮೆರಿಕನ್ 1975ರಲ್ಲಿ ಕೊಟ್ಟ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ. ಸೋನಿಕ್‌ಗೆ ಅದರ ಘಾತ 3. ಮೆಕ್ಸಿಕೊ ಕೊಲ್ಲಿಯಲ್ಲಿ ಹೊಂದಿದ ಆ ಮೂರನ್ನು ಬಿಸಿ ಹೆಚ್ಚಿರುವ ಆಳದ ಬಾವಿಗೂ ಕಣ್ಣುಮುಚ್ಚಿ ಹಾಕುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು. ಅಲ್ಲಿ ಗಟ್ಟಿಯಾದ ಶೇಲ್‌ನೊಳಗೇ ಅನಿಲ ಹುಟ್ಟಿ ಒತ್ತಡ ಏರಿರಬಹುದು. ಮೂರು ಹಾಕಿದರೆ ಉತ್ತರ ಕಡಿಮೆ ಬರುತ್ತದೆ.

ಕಡಿಮೆ ಬಂದರೆ? ಒತ್ತಡವನ್ನು ತಡೆಯಲೆಂದು ಬಾವಿಯಲ್ಲಿ ತುಂಬಿದ ಕೆಸರಿನಂಥ ದ್ರವ, ಅಂದರೆ ಮಡ್, ಹಗುರಾಗಿ, ಅನಿಲ ಒಳಕ್ಕೆ ನುಗ್ಗುತ್ತದೆ. ರಿಗ್‌ನವರು ಅದಕ್ಕೆ ಕಿಕ್ ಅನ್ನುತ್ತಾರೆ. ಹೆದರಿ ಮಡ್ ತೀರಾ ಭಾರ ಮಾಡಿದರೆ ಕಲ್ಲೇ ಸೀಳಿ ಮಡ್ ಬಿರುಕಿನೊಳಗೆ ಮಾಯ. ಇವೆರಡರ ನಡುವಿನ ಸಂದು ಕೆಲವು ಬಾವಿಗಳಲ್ಲಿ ಬಹಳ ಕಿರಿದು. ಅನಿಲ ಕೈಮೀರಿದರೆ ಏನಾಗುತ್ತದೆಂದು ಕೋನಸೀಮೆಯ ಪಾಸರ್ಲಪೂಡಿ ಜನರನ್ನು ಕೇಳಿ; 1995ರ ಜನವರಿಯಲ್ಲಿ ಹೊತ್ತಿಕೊಂಡ ಬಾವಿ ಎರಡು ತಿಂಗಳಿಗೂ ಹೆಚ್ಚು ಉರಿಯಿತು.

ಇನ್ನು ನಿಮ್ಮ ಮಾವನ ಮಾತು. ಆಳ ಹೆಚ್ಚಿದಂತೆ ಶಬ್ದದ ವೇಗ ಸಹಜವಾಗಿ ಹೇಗೆ ಏರಬೇಕೆಂಬ ಗೆರೆ ಎಳೆಯುವುದು ಸಾಫ್ಟ್‌ವೇರೇ, ನಿಜ. ಆದರೆ ಯಾವ ಶೇಲ್ ‘ಸಾಮಾನ್ಯ’, ಗೆರೆ ಎಲ್ಲಿಂದ ಶುರು ಅನ್ನುವುದನ್ನು ಆರಿಸುವವರು ನಾವು. ಮೊದಲೇ ಕೊಟ್ಟ ಅಂಕಿ ಕರಡು ಅಷ್ಟೆ. ಕೊರೆಯುವ ಮೊನೆ, ಅಂದರೆ ಬಿಟ್, ಇಳಿದಂತೆ ಅದನ್ನು ತಿದ್ದುತ್ತಾ ಹೋಗಬೇಕು: ಪೈಪ್ ಜೋಡಿಸಲು ಪಂಪ್ ನಿಲ್ಲಿಸಿದಾಗಲೆಲ್ಲ ಗ್ಯಾಸ್ ಏರುತ್ತಿದೆಯೇ, ಮೇಲೆ ಬಂದ ಮಡ್ ಸೋಸುವ ಜರಡಿಯ ಮೇಲೆ ಉದ್ದುದ್ದ ಸಿಪ್ಪೆಯಂಥ ಕಲ್ಲು ಬರುತ್ತಿದೆಯೇ? ಇವು ಒತ್ತಡ ಮಡ್‌ನ ಭಾರವನ್ನು ಮೀರುತ್ತಿರುವ ಸೂಚನೆ. ಅಂಥ ಸಿಪ್ಪೆ ಕಂಡರೆ ರಾತ್ರಿ ಎರಡು ಗಂಟೆಗೂ ಡ್ರಿಲ್ಲಿಂಗ್ ಎಂಜಿನಿಯರನ್ನು ಎಬ್ಬಿಸಬೇಕು. ಅವರು ಬೈಯುತ್ತಾರೆ, ಬೈಯಲಿ.

ಗೇಟ್ ಪರೀಕ್ಷೆ ಬರೆಯಿರಿ, ವೆಲ್ ಲಾಗ್ (ಬಾವಿಯೊಳಗಿನ ಅಳತೆಗಳ ದಾಖಲೆ) ಓದುವುದನ್ನು ಈಗಿನಿಂದಲೇ ಕಲಿಯಿರಿ. ಕೆಲಸ ಸಿಕ್ಕಮೇಲೆ ಕಚೇರಿಯ ಕುರ್ಚಿಗಿಂತ ಮೊದಲು, ಮಡ್ ಜೊತೆ ಬರುವ ಗ್ಯಾಸ್ ಮತ್ತು ಕಲ್ಲಿನ ಚೂರುಗಳ ಮೇಲೆ ಕಣ್ಣಿಡುವ ಮಡ್ ಲಾಗಿಂಗ್ ಕ್ಯಾಬಿನ್‌ನಲ್ಲಿ ಪಾಳಿ ಕೇಳಿ ಪಡೆಯಿರಿ.