ಕ್ಯಾಮೆರಾ ಪ್ರಶ್ನೋತ್ತರ: ಮದುವೆ ಕೆಲಸಕ್ಕೆ ಯಾವ ಮಿರರ್‌ಲೆಸ್?

ಪ್ರಶ್ನೆ: ಮೇಡಂ, ನನ್ನದು ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶದ ಕೆಲಸ. ನಿಕಾನ್ ಡಿ750 ಬಾಡಿ, 24-120 ಎಫ್4 ಲೆನ್ಸ್, ಹಳೆಯ 85 ಎಂಎಂ 1.8ಡಿ ಇವೆ. ಈಗ ಬರುವ ಪಾರ್ಟಿಗಳು ರೇಟು ಕೇಳುವ ಮೊದಲೇ ‘ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದೆಯಾ’ ಅಂತಾರೆ. ತಗೊಳ್ಳೋದಾದರೆ ಏನು ನೋಡಬೇಕು? ಎಷ್ಟು ಮೆಗಾಪಿಕ್ಸೆಲ್ ಇದ್ದರೆ ಪ್ರೊಫೆಷನಲ್ ಅನ್ನಬಹುದು?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಮೆಗಾಪಿಕ್ಸೆಲ್ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮ ಡಿ750 24 ಮೆಗಾಪಿಕ್ಸೆಲ್‌ನದು. 12x36 ಆಲ್ಬಮ್ ನೋಡಿ ‘ಕ್ಲಾರಿಟಿ ಸಾಲದು’ ಅಂತ ಯಾವ ಪಾರ್ಟಿಯಾದರೂ ಹೇಳಿದೆಯಾ? ಇಲ್ಲ ಅಲ್ವಾ. ಹಾಗಾದರೆ ಅದನ್ನು ಬಿಡಿ.

ಶಿವಮೊಗ್ಗದಲ್ಲಿ ನನ್ನ ಅಂಗಡಿಗೆ ಹೊಸ ಹುಡುಗರು ಬಾಡಿ ಕೊಳ್ಳೋ ಮುಂಚೆ ಸಲಹೆ ಕೇಳೋಕೆ ಬರುತ್ತಾರೆ. ಅವರಿಗೂ ನಾನು ಕೇಳೋದು ಇದನ್ನೇ: ಧಾರೆ ಎರೆಯುವಾಗ ಕ್ಯಾಮೆರಾ ಕೈಕೊಟ್ಟರೆ ಭಟ್ಟರ ಹತ್ತಿರ ‘ಇನ್ನೊಂದ್ಸಲ ಎರೆಸಿ’ ಅನ್ನೋಕಾಗುತ್ತಾ? ಆಗಲ್ಲ. ಕೂಲಿ ತಗೊಂಡು ಮಾಡುವ ಕೆಲಸಕ್ಕೆ ಯಾವ ಬಾಡಿ ಆಗುತ್ತೆ, ಯಾವುದು ಆಗಲ್ಲ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ.

ಕ್ಯಾನನ್‌ನ ಎರಡು ಬಾಡಿ ನೋಡಿ. 2022ರಲ್ಲಿ ಬಂದ ಆರ್6 ಮಾರ್ಕ್ ಟೂ, 2023ರಲ್ಲಿ ಬಂದ ಆರ್8. ಎರಡೂ 24 ಮೆಗಾಪಿಕ್ಸೆಲ್, ಎರಡೂ ಫುಲ್ ಫ್ರೇಮ್, ಅಂದರೆ ಫೋಟೋ ಹಿಡಿಯುವ ಸೆನ್ಸರ್ ಹಳೆಯ ಫಿಲಂ ಅಳತೆಯದು. ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದು ಅಂತ ನನಗೂ ಹೇಳೋಕೆ ಬರಲ್ಲ. ಆದರೆ ಆರ್8ರಲ್ಲಿ ಮೆಮೊರಿ ಕಾರ್ಡ್ ಜಾಗ ಒಂದೇ. ಬ್ಯಾಟರಿ ಚಿಕ್ಕದು. ಕೈ ನಡುಕ ತಡೆಯುವ ವ್ಯವಸ್ಥೆ ಬಾಡಿಯೊಳಗೆ ಇಲ್ಲ. ಪ್ರವಾಸಕ್ಕೆ ಅದು ಚೆಂದದ ಕ್ಯಾಮೆರಾ. ಮದುವೆಗೆ ಅದೊಂದನ್ನೇ ನಂಬಿ ಹೋಗಬೇಡಿ. ಕಾರ್ಡ್ ಸತ್ತರೆ ಇಡೀ ಮದುವೆ ಹೋಯಿತು. ಎರಡು ಕಾರ್ಡ್ ಹಾಕಿ, ಪ್ರತಿ ಫೋಟೋ ಎರಡರಲ್ಲೂ ಕೂರುವ ಹಾಗೆ ಸೆಟ್ ಮಾಡಬೇಕು. ನಿಮ್ಮ ಡಿ750ರಲ್ಲಿ ಈ ಅನುಕೂಲ ಈಗಾಗಲೇ ಇದೆ. 2018ರ ನಿಕಾನ್ ಝಡ್6ರಲ್ಲಿ ಇಲ್ಲ, ಅದಕ್ಕೆ ಒಂದೇ ಕಾರ್ಡ್. 2020ರ ಝಡ್6 ಟೂನಲ್ಲಿ ಎರಡು ಕೊಟ್ಟರು. ಸೆಕೆಂಡ್ಸ್‌ನಲ್ಲಿ ಝಡ್6 ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಆಸೆ ತೋರಿಸಿದರೆ ಇದು ನೆನಪಿರಲಿ.

ಇನ್ನು ಮಿರರ್‌ಲೆಸ್‌ನಿಂದ ನಿಜವಾಗಿ ಸಿಗುವ ಲಾಭ ಫೋಕಸ್. ಡಿ750ರಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಕನ್ನಡಿಯ ಕೆಳಗಿರುತ್ತದೆ. ಅದರ 51 ಪಾಯಿಂಟ್‌ಗಳೂ ಫ್ರೇಮಿನ ಮಧ್ಯದಲ್ಲೇ ಗುಂಪಾಗಿವೆ. ಮದುಮಗಳನ್ನು ಅಂಚಿಗೆ ತರಬೇಕಾದರೆ ಮೊದಲು ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸುತ್ತೀರಿ. ಲೆನ್ಸನ್ನು 1.8ಕ್ಕೆ ಪೂರ್ತಿ ತೆರೆದಿಟ್ಟಾಗ ಅಷ್ಟು ತಿರುಗಿಸಿದರೆ ಸಾಕು, ಓಲೆ ಶಾರ್ಪ್, ಕಣ್ಣು ಮಸುಕು. ಮಿರರ್‌ಲೆಸ್‌ನಲ್ಲಿ ಫೋಟೋ ತೆಗೆಯುವ ಸೆನ್ಸರೇ ಫೋಕಸನ್ನೂ ನೋಡುತ್ತದೆ. ಹೆಚ್ಚುಕಡಿಮೆ ಅಂಚಿನವರೆಗೂ ಮುಖ, ಕಣ್ಣು ಹುಡುಕಿ ಹಿಡಿದುಕೊಂಡಿರುತ್ತದೆ. ಅಡಕೆ ಚಪ್ಪರದ ಕೆಳಗೆ, ಹೋಮದ ಹೊಗೆಯಲ್ಲಿ, ನೆಂಟರೆಲ್ಲ ಅಡ್ಡ ಬರುವಾಗ ಇದರ ಬೆಲೆ ಗೊತ್ತಾಗುತ್ತದೆ.

ವ್ಯೂಫೈಂಡರ್‌ನಲ್ಲಿ ಬೆಳಕು ಎಷ್ಟು ಬೀಳುತ್ತೆ ಅನ್ನೋದು ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಇದೂ ಒಳ್ಳೆಯದೇ. ಫ್ಲ್ಯಾಶ್ ಕೆಲಸಕ್ಕೆ ಮಾತ್ರ ಈ ಪ್ರಿವ್ಯೂ ಆಫ್ ಮಾಡಿ. ಇಲ್ಲದಿದ್ದರೆ ಸ್ಟುಡಿಯೋದಲ್ಲಿ ವ್ಯೂಫೈಂಡರ್ ಕಪ್ಪಾಗಿ, ಕ್ಯಾಮೆರಾ ಕೆಟ್ಟಿದೆ ಅಂತ ಅಂಗಡಿಗೆ ಓಡುತ್ತೀರಿ. ಹಾಗೆ ಓಡಿಬಂದವರನ್ನು ನೋಡಿದ್ದೇನೆ.

ಬ್ಯಾಟರಿಯಲ್ಲಿ ನೀವು ಕಳಕೊಳ್ಳುತ್ತೀರಿ. ಕಂಪನಿ ಲೆಕ್ಕದಲ್ಲಿ ಡಿ750 ಒಂದು ಚಾರ್ಜ್‌ಗೆ 1,230 ಫೋಟೋ ಕೊಡುತ್ತದೆ. ಝಡ್6 ಟೂನಲ್ಲಿ ವ್ಯೂಫೈಂಡರ್ ಬಳಸಿದರೆ ಸುಮಾರು 340. ಮದುವೆಯಲ್ಲಿ ಬಿಡದೆ ಹೊಡೆಯುವಾಗ ಇದಕ್ಕಿಂತ ಜಾಸ್ತಿಯೇ ಬರುತ್ತೆ, ಆದರೂ ಹಳೆಯ ನೆಮ್ಮದಿ ಇರಲ್ಲ. ನಿಮ್ಮ ಹಳೆಯ ಬ್ಯಾಟರಿಗಳು ಇದಕ್ಕೂ ಕೂರುತ್ತವೆ. ಆದರೆ ಅವನ್ನು ಕ್ಯಾಮೆರಾದೊಳಗೇ ಚಾರ್ಜ್ ಮಾಡೋಕಾಗಲ್ಲ. ಹೊಸ ಬ್ಯಾಟರಿಯಾದರೆ ಟೈಪ್-ಸಿ ಕೇಬಲ್‌ನಿಂದ ಚಾರ್ಜ್ ಆಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಒಂದು ಒಳ್ಳೆಯ ಪವರ್‌ಬ್ಯಾಂಕ್ ಬ್ಯಾಗಿನಲ್ಲಿ ಇರಲಿ.

ಲೆನ್ಸ್ ವಿಷಯ. ಹಳೆಯ ನಿಕಾನ್ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ 24-120 ಚೆನ್ನಾಗಿ ನಡೆಯುತ್ತದೆ. 85 ಡಿ ಲೆನ್ಸ್‌ಗೆ ಆಟೋಫೋಕಸ್ ಸಿಗಲ್ಲ. ಅದರೊಳಗೆ ಮೋಟಾರ್ ಇಲ್ಲ, ಡಿ750 ಬಾಡಿಯ ಮೋಟಾರೇ ಅದನ್ನು ತಿರುಗಿಸುತ್ತಿದ್ದದ್ದು. ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ. ಆದ್ದರಿಂದ ಬಜೆಟ್ ಹಾಕುವಾಗ ಬಾಡಿ ಬೆಲೆ ಮಾತ್ರ ನೋಡಬೇಡಿ. ಒಂದು 85, ಎರಡು ಬ್ಯಾಟರಿ, ಕಾರ್ಡ್ ಸೇರಿಸಿ ನೋಡಿ. ಝಡ್6 ಟೂನ ಎರಡು ಜಾಗದಲ್ಲಿ ಒಂದಕ್ಕೆ ಮಾತ್ರ ನಿಮ್ಮ ಎಸ್‌ಡಿ ಕಾರ್ಡ್ ಕೂರುತ್ತದೆ, ಇನ್ನೊಂದರ ಕಾರ್ಡ್ ದುಬಾರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಬಿಲ್ ಇರುವ, ಕಡಿಮೆ ಓಡಿದ ಝಡ್6 ಟೂ ಸೆಕೆಂಡ್ಸ್‌ನಲ್ಲಿ ಹುಡುಕುತ್ತಿದ್ದೆ. ಹೊಸದೇ ಬೇಕಾದರೆ ಇಲ್ಲಿನ ವಾರಂಟಿ ಇರುವುದನ್ನೇ ತಗೊಳ್ಳಿ. ಹೊರಗಿಂದ ತರಿಸಿದ ಅಗ್ಗದ ಮಾಲಿಗೆ ಇಲ್ಲಿ ವಾರಂಟಿ ಸಿಗಲ್ಲ. ಡಿ750 ಮಾತ್ರ ಮಾರಬೇಡಿ. ಹೊಸ ಬಾಡಿ ರಿಪೇರಿಗೆ ಬೆಂಗಳೂರಿಗೆ ಹೋದ ವಾರ ನಿಮಗೆ ಮೂರು ಮುಹೂರ್ತ ಇರುತ್ತೆ, ನೋಡ್ತಿರಿ.

ಪ್ರಶ್ನೆ: ಆರತಕ್ಷತೆಯ ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಗೆರೆ ಬಂದಿವೆ. ಶಬ್ದ ಬರಬಾರದು ಅಂತ ಸೈಲೆಂಟ್ ಶಟರ್ ಇಟ್ಟಿದ್ದೆ. ಕ್ಯಾಮೆರಾದ ದೋಷವೇ?
– ಒಬ್ಬ ಓದುಗರು, ಭದ್ರಾವತಿ

ಉತ್ತರ: ಅಲ್ಲ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಮುಂದಿನ ಶಟರ್ ಪರದೆ ಓಡಲ್ಲ. ಸೆನ್ಸರ್ ಮೇಲಿಂದ ಕೆಳಗೆ ಒಂದೊಂದೇ ಸಾಲು ಓದುತ್ತಾ ಬರುತ್ತದೆ. ಕೆಲವು ಬಾಡಿಗಳಲ್ಲಿ ಇದಕ್ಕೆ ಸುಮಾರು 1/20 ಸೆಕೆಂಡ್ ಬೇಕು. ಅಷ್ಟರಲ್ಲಿ ಕಲ್ಯಾಣ ಮಂಟಪದ ಎಲ್‌ಇಡಿ ದೀಪ ಎಷ್ಟೋ ಸಲ ಮಿನುಗಿರುತ್ತದೆ. ಮಂಕಾದ ಗಳಿಗೆಯಲ್ಲಿ ಓದಿದ ಸಾಲುಗಳೇ ನಿಮ್ಮ ಗೆರೆ.

ಮದುವೆ ಮನೆಯಲ್ಲಿ ಪರದೆ ಓಡುವ ಮೆಕ್ಯಾನಿಕಲ್ ಶಟರ್ ಇಡಿ. ಓಲಗದ ಮುಂದೆ ನಿಮ್ಮ ಶಟರ್ ಶಬ್ದ ಯಾರಿಗೆ ಕೇಳುತ್ತೆ ಹೇಳಿ! ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಮಾಮೂಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ. ವೇದಿಕೆಯ ಹಿಂದಿನ ದೊಡ್ಡ ಎಲ್‌ಇಡಿ ಪರದೆ ಮಾತ್ರ ಈ ಲೆಕ್ಕಕ್ಕೆ ಬಗ್ಗಲ್ಲ, ಅದರ ಮಿನುಗು ಬೇರೆ. ನಿಕಾನ್ ಝಡ್9, ಝಡ್8ಕ್ಕೆ ಮೆಕ್ಯಾನಿಕಲ್ ಶಟರೇ ಇಲ್ಲ. ಅವುಗಳ ಸೆನ್ಸರ್ ತುಂಬಾ ಬೇಗ ಓದುವುದರಿಂದ ಅದು ನಡೆಯುತ್ತದೆ. ಸೋನಿ ಎ9 ತ್ರೀ ಇಡೀ ಫ್ರೇಮನ್ನು ಒಂದೇ ಗಳಿಗೆಗೆ ಹಿಡಿಯುತ್ತದೆ. ಆ ದುಡ್ಡಿನಲ್ಲಿ ನಾನಾದರೆ ಅಂಗಡಿಯ ಮಾಡು ಸರಿ ಮಾಡಿಸುತ್ತೇನೆ.

ಸೈಲೆಂಟ್ ಶಟರ್ ಹಾಳೇನಲ್ಲ. ಮಂಡಗದ್ದೆಯಲ್ಲಿ ಹಕ್ಕಿ ಫೋಟೋ ತೆಗೆಯುವಾಗ ಧಾರಾಳವಾಗಿ ಬಳಸಿ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತೆ. ಅಜ್ಜಿ, ಒಲೆ ಮೇಲಿನ ಅಟ್ಟದಲ್ಲಿಡು ಅಂತಾರೆ. ಇಡಬಹುದಾ?
– ಒಬ್ಬ ವಿದ್ಯಾರ್ಥಿನಿ, ಸಾಗರ

ಉತ್ತರ: ಅಜ್ಜಿಯ ಲೆಕ್ಕ ಸರಿ, ಜಾಗ ತಪ್ಪು. ಬೆಚ್ಚಗಿರಬೇಕು ಅನ್ನೋದಕ್ಕಿಂತ ಒಣಗಿರಬೇಕು. ಅಟ್ಟದಲ್ಲಿ ಹೊಗೆ, ಮಸಿ ಎರಡೂ ಇವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮೀಟರ್ 40ರಿಂದ 50ರೊಳಗೆ ತೋರಿಸುತ್ತಿರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿತು ಅಂದರೆ ನೀರು ಕುಡಿದಿದೆ ಅಂತ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಕ್ಯಾಮೆರಾ ಬ್ಯಾಗಿನಲ್ಲಂತೂ ತಿಂಗಳುಗಟ್ಟಲೆ ಇಡಲೇಬೇಡಿ, ಬಟ್ಟೆ ತೇವ ಹಿಡಿದುಕೊಳ್ಳುತ್ತದೆ.

ನಿಮ್ಮದು ಮಿರರ್‌ಲೆಸ್ ಆದರೆ ಇನ್ನೊಂದು ಜಾಗ್ರತೆ. ಲೆನ್ಸ್ ತೆಗೆದರೆ ಬಹಳ ಬಾಡಿಗಳಲ್ಲಿ ಸೆನ್ಸರ್ ಎದುರಿಗೇ ಇರುತ್ತದೆ, ಮುಂದೆ ಕನ್ನಡಿಯೂ ಇಲ್ಲ, ಮುಚ್ಚಿದ ಪರದೆಯೂ ಇಲ್ಲ. ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಬದಲಿಸಿ. ಜೋಗದ ತುಂತುರಿನ ಹತ್ತಿರ ನಿಂತು ಬದಲಿಸುವುದು ಬೇಡವೇ ಬೇಡ. ಎಸಿ ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಗಾಜಿನ ಮೇಲೆ ಆವಿ ಕೂರುತ್ತದೆ. ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಇರಲಿ. ಈಗಾಗಲೇ ಬೂಷ್ಟು ಹಿಡಿದ ಲೆನ್ಸ್ ಇದ್ದರೆ ಅದನ್ನು ಬೇರೆ ಡಬ್ಬಿಯಲ್ಲಿಡಿ, ಮತ್ತು ಬೇಗ ಕ್ಲೀನ್ ಮಾಡಿಸಿ. ತಡ ಮಾಡಿದರೆ ಅದು ಗಾಜಿನ ಕೋಟಿಂಗನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗಲ್ಲ.