ಫಂಕ್ಷನ್ ಬೇರೆ, ಅಫೋರ್ಡೆನ್ಸ್ ಬೇರೆ

ನಮಸ್ಕಾರ. ಡಿಸೈನ್ ಪಾಠದ ಈ ಎರಡು ಪದಗಳ ಬಗ್ಗೆ ‘ಕುರ್ಚಿಯ ಫಂಕ್ಷನ್ ಕುಳಿತುಕೊಳ್ಳೋದು, ಅಫೋರ್ಡೆನ್ಸೂ ಅದೇ. ಮತ್ತೆ ಎರಡು ಪದ ಯಾಕೆ?’ ಅಂತ ಕೇಳಿದ್ದೀರಿ. ಕುರ್ಚಿಯಲ್ಲಿ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ, ಅದಕ್ಕೇ ಗೊಂದಲ. ಕುರ್ಚಿ ಬಿಟ್ಟು ಕಟ್ಟೆ ನೋಡಿ.

ಕಲಬುರಗಿಯ ನಮ್ಮ ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆ ಇದೆ. ಮುತ್ಯಾ ಕಟ್ಟಿಸಿದ್ದು ಸಂಜೆ ಕುಳಿತು ಮಾತಾಡೋಕೆ. ಅದು ಫಂಕ್ಷನ್, ಅಂದರೆ ಮಾಡಿಸಿದವರ ಮನಸ್ಸಿನಲ್ಲಿದ್ದ ಕೆಲಸ. ಆದರೆ ಕಲ್ಲು ಸಪಾಟಾಗಿದೆ, ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ. ಹಾಗಾಗಿ ಅವ್ವ ಅಲ್ಲೇ ಬಟ್ಟೆ ಹಾಸಿ ಸಂಡಿಗೆ ಹಾಕುತ್ತಾಳೆ. ಮೊಣಕಾಲೆತ್ತರದ ಆ ಕಟ್ಟೆ ನನಗೆ ಕುಳಿತುಕೊಳ್ಳುವ ಜಾಗ. ಅಕ್ಕನ ಎರಡು ವರ್ಷದ ಮಗಳಿಗೆ ಎರಡೂ ಕೈ ಊರಿ ಹತ್ತಬೇಕಾದ ಗೋಡೆ. ಕಲ್ಲು ಅದೇ, ಮೈ ಬೇರೆ. ವಸ್ತುವಿಗೂ ಬಳಸುವವರ ಮೈಗೂ ಇರುವ ಈ ನಂಟೇ, ಅಂದರೆ ಯಾರಿಗೆ ಅದರಿಂದ ಏನು ಮಾಡಲು ಸಾಧ್ಯ ಅನ್ನುವುದೇ, ಅಫೋರ್ಡೆನ್ಸ್. ಪದ ಹುಟ್ಟಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಒತ್ತಿ ಹೇಳಿದ್ದೂ ಇದನ್ನೇ.

ಡಿಸೈನಿನವರ ಬಾಯಿಗೆ ಈ ಪದ ಬಂದದ್ದು ಡಿಸೈನ್ ಬಗ್ಗೆ ಪುಸ್ತಕ ಬರೆದ ಡೊನಾಲ್ಡ್ ನಾರ್ಮನ್ ಅವರಿಂದ, 1988ರಲ್ಲಿ. ಅವರು ಜಾಸ್ತಿ ಒತ್ತು ಕೊಟ್ಟದ್ದು ನೋಡಿದವರಿಗೆ ಏನು ತೋಚುತ್ತದೆ ಅನ್ನುವುದಕ್ಕೆ. ಮೊನ್ನೆ ಒಂದು ಆಫೀಸಿನಲ್ಲಿ ಗಾಜಿನ ಬಾಗಿಲಿನ ಉದ್ದ ಹಿಡಿಕೆ ಹಿಡಿದು ಎಳೆದೆ, ಬರಲಿಲ್ಲ. ತಳ್ಳಬೇಕಿತ್ತಂತೆ! ತಳ್ಳಲು ಸಾಧ್ಯವಿತ್ತು, ಅಂದರೆ ಅಫೋರ್ಡೆನ್ಸ್ ಇತ್ತು; ಹಿಡಿಕೆ ಕೊಟ್ಟ ಸುಳಿವು ತಪ್ಪು, ಅಲ್ವಾ? ಇಂಥ ಸುಳಿವಿಗೆ ನಾರ್ಮನ್ ಮುಂದೆ ‘ಸಿಗ್ನಿಫೈಯರ್’ ಅಂತ ಬೇರೆ ಹೆಸರಿಟ್ಟರು. ಕ್ಲಾಸಿನಲ್ಲಿ ಅಫೋರ್ಡೆನ್ಸ್, ಸಿಗ್ನಿಫೈಯರ್ ಎರಡನ್ನೂ ಸುಮ್ನೆ ಕಲಸಿ ಹೇಳುತ್ತಾರೆ, ಅಲ್ಲೇ ಜಾಸ್ತಿ ತೊಡಕು. ನೀವು ಈ ವ್ಯತ್ಯಾಸ ಹೇಳುವಾಗ ಕುರ್ಚಿ ಬದಲು ಬಾಗಿಲನ್ನೇ ಉದಾಹರಣೆ ತಗೊಳ್ಳಿ.