ಇತಿಹಾಸ ಕಮ್ಮಿ, ಹುಡುಗಿ ಜಾಸ್ತಿ
ಚಿತ್ರದುರ್ಗದ ಕೋಟೆ ಇಟ್ಟುಕೊಂಡು ಹೈಸ್ಕೂಲ್ ಮಕ್ಕಳಿಗೆ ಕಾದಂಬರಿ ಬರೆಯುತ್ತಿದ್ದೇನೆ, ಇತಿಹಾಸ ಎಷ್ಟು ಹಾಕಲಿ ಅಂತ ಕೇಳಿದ್ದೀರಿ. ಕಮ್ಮಿ ಹಾಕಿ. 1779ರಲ್ಲಿ ಹೈದರಾಲಿ ಕೋಟೆ ಗೆದ್ದದ್ದು, ಓಬವ್ವನ ಒನಕೆ, ಇವೆಲ್ಲ ನಮ್ಮ ಕಡೆಯ ಮಕ್ಕಳು ಕೇಳಿ ಕೇಳಿ ಬೆಳೆದದ್ದೇ.

ನಾಯಕಿಗೆ 12 ವರ್ಷ ಅಂದಿರಿ. 16 ಮಾಡಿ. ಹೈಸ್ಕೂಲ್ ವಯಸ್ಸಿನವರು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಯನ್ನೇ ಹುಡುಕುತ್ತಾರೆ, ಅಲ್ವಾ? ಅವಳನ್ನು ಓಬವ್ವನ ಕಿಂಡಿಯ ಹತ್ತಿರ ಸುಮ್ನೆ ನಿಲ್ಲಿಸಿ ಭಾಷಣ ಕೇಳಿಸಬೇಡಿ. ಬಗ್ಗಿ ನುಸುಳುವಾಗ ಭುಜಕ್ಕೆ ಬಂಡೆ ತರಚಲಿ, ಮನೆಯಲ್ಲಿ ಹೇಳದೆ ಬಂದ ಭಯ ಇರಲಿ. ಕಥೆಯ ಗಂಟನ್ನು ಅವಳೇ ಬಿಡಿಸಬೇಕು. ಕೊನೆಗೆ ಮೇಷ್ಟ್ರು ಬಂದು ಬಿಡಿಸುವ ಪುಸ್ತಕವೊಂದನ್ನು ನನ್ನ ಮಗಳು ದಾವಣಗೆರೆ ಬಸ್ಸಿನ ಸೀಟಿನಲ್ಲೇ ಬಿಟ್ಟು ಬಂದಳು! ಮಾತುಕತೆ ಮಾತ್ರ ದುರ್ಗದ ಆಡುಮಾತಿನಲ್ಲೇ ಇರಲಿ.

ಮೊದಲ ಅಧ್ಯಾಯ ಕಳಿಸಿ, ಓದುತ್ತೇನೆ.